ಮೂರನೆಯ ಚಕ್ರದ ಆಸರೆ: ಹಿರಿಯ ಸವಾರರು ಅರಿತಿರಬೇಕಾದ ಸಂಗತಿಗಳು

ಕಾರವಾರದ ಪೇಟೆಯಲ್ಲಾಗಲಿ, ಅಂಕೋಲೆಯ ಬಸ್ ನಿಲ್ದಾಣದ ಆಸುಪಾಸಿನಲ್ಲಾಗಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ, ಹಿಂಬದಿಯ ಎರಡೂ ಪಕ್ಕಕ್ಕೆ ಚಿಕ್ಕ ಗಾಲಿಗಳನ್ನು ಜೋಡಿಸಿಕೊಂಡ ಸ್ಕೂಟರೊಂದು ಹಾದುಹೋಗುವುದು ಅಪರೂಪದ ನೋಟವೇನಲ್ಲ. ಒಂದು ಕಾಲಕ್ಕೆ ಅಂಥ ಗಾಡಿ ಕಂಡೊಡನೆ ಸವಾರರು ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡವರೆಂದು ಜನ ಭಾವಿಸುತ್ತಿದ್ದರು. ಈಗ ಮಂಡಿನೋವಿನಿಂದ ಬಳಲುವ ನಿವೃತ್ತ ಶಿಕ್ಷಕರು, ಒಮ್ಮೆ ಗಾಡಿಸಮೇತ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ ವ್ಯಾಪಾರಿಗಳು, ಮಗನ ಒತ್ತಾಯಕ್ಕೆ ಬೈಕಿನ ಕೀಲಿ ಒಪ್ಪಿಸಲು ಮನಸ್ಸಿಲ್ಲದ ಅಪ್ಪಂದಿರು ಕೂಡ ‘ನಮಗೂ ಅಂಥದ್ದೊಂದು ಆದೀತೇ?’ ಎಂದು ಯೋಚಿಸುವ ಕಾಲ ಬಂದಿದೆ.

ಈ ಪ್ರಶ್ನೆ ಹಗುರವಾದುದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ ಹಾಗೂ ಯೆಜ್ಡಿ, ಅದೇ ಕಾಲದ ರಾಜದೂತ್, ಬಜಾಜ್ ಚೇತಕ್‌ಗಳ ಮೇಲೆ ಸವಾರಿ ಕಲಿತ ತಲೆಮಾರು ಇಂದು ಅರವತ್ತು, ಎಪ್ಪತ್ತರ ಆಚೀಚೆ ಇದೆ. ಅವರ್ಸಾ, ಹಾರವಾಡ, ಬೇಲೆಕೇರಿಯಂತಹ ಊರುಗಳಲ್ಲಿ ಮುಖ್ಯರಸ್ತೆಯಿಂದ ಒಳಗೆ ಮನೆಯಿರುವವರಿಗೆ ದ್ವಿಚಕ್ರ ವಾಹನವೆಂದರೆ ಔಷಧಿ ಅಂಗಡಿ, ಬ್ಯಾಂಕು, ಮೀನುಪೇಟೆ, ನೆಂಟರ ಮನೆ ಎಲ್ಲವೂ ಹೌದು. ಅದು ನಿಂತರೆ ಪ್ರತಿಯೊಂದಕ್ಕೂ ಇನ್ನೊಬ್ಬರ ದಾರಿ ಕಾಯಬೇಕು. ಹಾಗೆಂದು ಅಪಾಯವನ್ನೂ ಮರೆಯುವಂತಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಮೃತಪಟ್ಟ 1,68,491 ಮಂದಿಯ ಪೈಕಿ 74,897 ಮಂದಿ ದ್ವಿಚಕ್ರ ವಾಹನಗಳಲ್ಲಿ ಸಾಗುತ್ತಿದ್ದವರು.

ಹಾಗಾದರೆ ಮೂರನೆಯ ಚಕ್ರ ಯಾವ ಅಪಾಯವನ್ನು ತಪ್ಪಿಸುತ್ತದೆ, ಯಾವುದನ್ನು ತಪ್ಪಿಸುವುದಿಲ್ಲ, ಯಾವುದನ್ನು ಹೊಸದಾಗಿ ತರುತ್ತದೆ?

ಬೀಳುವುದು ಓಟದಲ್ಲಲ್ಲ, ನಿಲುಗಡೆಯಲ್ಲಿ

ದ್ವಿಚಕ್ರ ವಾಹನ ವೇಗದಲ್ಲಿರುವಾಗ ತನ್ನ ಸಮತೋಲವನ್ನು ಬಹುಮಟ್ಟಿಗೆ ತಾನೇ ಕಾಯ್ದುಕೊಳ್ಳುತ್ತದೆ. ಕಷ್ಟವಾಗುವುದು ವೇಗ ತೀರಾ ಕಡಿಮೆಯಾದಾಗ. ಸಿಗ್ನಲಿನಲ್ಲಿ ಕಾಲೂರುವಾಗ, ಅಂಗಡಿಯೆದುರು ಗಾಡಿಯನ್ನು ಹಿಂದಕ್ಕೆ ತಳ್ಳುವಾಗ, ಇಳಿಜಾರಿನಲ್ಲಿ ಸ್ಟ್ಯಾಂಡ್ ಹಾಕುವಾಗ, ಜಲ್ಲಿಯ ಮೇಲೆ ನಿಧಾನವಾಗಿ ತಿರುಗುವಾಗ ಇಡೀ ಭಾರ ಸವಾರನ ಒಂದು ಕಾಲಿನ ಮೇಲೆ ಬೀಳುತ್ತದೆ. ರಾಯಲ್ ಎನ್‌ಫೀಲ್ಡ್ ಬುಲೆಟ್ 350ರ ತೂಕ ಸುಮಾರು 195 ಕಿಲೋ, 110 ಸಿ.ಸಿ.ಯ ಸಾಮಾನ್ಯ ಸ್ಕೂಟರಿನದ್ದೇ ನೂರು ಕಿಲೋ ದಾಟುತ್ತದೆ. ಸವೆದ ಮಂಡಿ, ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದ ಪಾದ, ಶಸ್ತ್ರಚಿಕಿತ್ಸೆಯಾದ ಸೊಂಟ ಈ ಭಾರವನ್ನು ಆ ಒಂದು ಕ್ಷಣ ತಡೆಯಲಾರವು.

ಮೂರನೆಯ ಚಕ್ರದ ನಿಜವಾದ ಉಪಕಾರ ಇರುವುದು ಇಲ್ಲಿಯೇ. ಕಾಲೂರುವ ಅಗತ್ಯ ತಪ್ಪುತ್ತದೆ. ಗಾಡಿ ನಿಂತಲ್ಲೇ ನೆಟ್ಟಗೆ ನಿಲ್ಲುತ್ತದೆ. ಕಾಳಿ ನದಿಯ ಸೇತುವೆಯ ಮೇಲೆ ಬೀಸುವ ಅಡ್ಡಗಾಳಿಗೆ ಗಾಡಿ ಅಷ್ಟಾಗಿ ಓಲಾಡುವುದಿಲ್ಲ.

ಆದರೆ ಕಣ್ಣಿಗೆ ಪೊರೆ ಬಂದಿದ್ದರೆ, ಕಿವಿ ಮಂದವಾಗಿದ್ದರೆ, ಎದುರಿನ ವಾಹನವನ್ನು ಕಂಡು ಬ್ರೇಕ್ ಒತ್ತುವುದಕ್ಕೆ ತಡವಾಗುತ್ತಿದ್ದರೆ, ಮೂರಲ್ಲ, ನಾಲ್ಕು ಚಕ್ರ ಜೋಡಿಸಿದರೂ ಪ್ರಯೋಜನವಿಲ್ಲ. ಕಾಲಿನ ಕೊರತೆಗೆ ಚಕ್ರ ಪರಿಹಾರವಾದೀತು. ಕಣ್ಣಿನ ಕೊರತೆಗೆ ಆಗದು.

ಎಲ್ಲ ಮೂರು ಚಕ್ರಗಳೂ ಒಂದೇ ಅಲ್ಲ

ವಿದೇಶಗಳಲ್ಲಿ ವಯಸ್ಸಾದ ಬೈಕ್ ಸವಾರರು ತ್ರಿಚಕ್ರಕ್ಕೆ ಬದಲಾಗುವುದು ಹೊಸದಲ್ಲ. ಅವರಿಗಾಗಿ ಕಂಪನಿಗಳೇ ಮೂಲದಿಂದ ವಿನ್ಯಾಸಗೊಳಿಸಿದ ವಾಹನಗಳಿವೆ. ಅಮೆರಿಕದ ಹಾರ್ಲೆ-ಡೇವಿಡ್‌ಸನ್ ಕಂಪನಿಯ ಟ್ರೈ ಗ್ಲೈಡ್‌ನಲ್ಲಿ ಮುಂದೆ ಒಂದು, ಹಿಂದೆ ಎರಡು ಚಕ್ರ. ಕೆನಡಾದ ಬಿಆರ್‌ಪಿ ಕಂಪನಿ 2007ರಲ್ಲಿ ಹೊರತಂದ ಕ್ಯಾನ್-ಆಮ್ ಸ್ಪೈಡರ್‌ನಲ್ಲಿ ಇದರ ತಿರುಗುಮುರುಗು: ಮುಂದೆ ಎರಡು, ಹಿಂದೆ ಒಂದು. ಇಟಲಿಯ ಪಿಯಾಜಿಯೊ 2006ರಲ್ಲಿ ಪರಿಚಯಿಸಿದ ಎಂಪಿ3, ಜಪಾನಿನ ಯಮಹಾ 2014ರಲ್ಲಿ ತಂದ ಟ್ರಿಸಿಟಿಗಳ ಮುಂದಿನ ಎರಡು ಚಕ್ರಗಳು ತಿರುವಿನಲ್ಲಿ ಬೈಕಿನಂತೆಯೇ ಒಳಕ್ಕೆ ವಾಲುತ್ತವೆ. ಎಂಪಿ3ರಲ್ಲಿ ಗಾಡಿ ನಿಲ್ಲುವ ಹೊತ್ತಿಗೆ ಆ ವಾಲುವಿಕೆಯನ್ನು ಬಂಧಿಸುವ ವ್ಯವಸ್ಥೆಯೂ ಇರುವುದರಿಂದ ಕಾಲು ನೆಲಕ್ಕೆ ಮುಟ್ಟಿಸಬೇಕಿಲ್ಲ.

ನಮ್ಮ ಊರುಗಳಲ್ಲಿ ಕಾಣುವ ಗಾಡಿ ಇವುಗಳ ಸಾಲಿಗೆ ಸೇರಿದ್ದಲ್ಲ. ಅದು ಮಾಮೂಲಿ ಸ್ಕೂಟರು. ಅದರ ಹಿಂದಿನ ಚಕ್ರದ ಎರಡು ಬದಿಗೆ ಕಬ್ಬಿಣದ ಚೌಕಟ್ಟಿನ ಮೂಲಕ ಎರಡು ಗಾಲಿ ಸೇರಿಸಲಾಗಿರುತ್ತದೆ. ಜನ ‘ಮೂರು ಗಾಲಿಯ ಗಾಡಿ’ ಎಂದರೂ ಎಣಿಸಿದರೆ ಗಾಲಿ ನಾಲ್ಕು. ಇದು ತಿರುವಿನಲ್ಲಿ ವಾಲುವುದಿಲ್ಲ. ಈ ಒಂದು ವ್ಯತ್ಯಾಸವನ್ನು ಅರಿಯದೆ ಸವಾರಿಗೆ ಇಳಿಯುವುದು ಅಪಾಯಕಾರಿ.

ನಲವತ್ತು ವರ್ಷದ ಅಭ್ಯಾಸವೇ ಶತ್ರು

ದ್ವಿಚಕ್ರ ಸವಾರ ತಿರುವಿನಲ್ಲಿ ತನಗರಿವಿಲ್ಲದಂತೆಯೇ ಗಾಡಿಯನ್ನು ಒಳಕ್ಕೆ ವಾಲಿಸುತ್ತಾನೆ. ಹೊರಕ್ಕೆ ದೂಡುವ ಬಲಕ್ಕೆ ಆ ವಾಲುವಿಕೆಯೇ ಉತ್ತರ. ಪಕ್ಕದ ಗಾಲಿಗಳು ವಾಲಲು ಬಿಡದಿದ್ದಾಗ ಆ ಬಲವೆಲ್ಲ ಹೊರಬದಿಯ ಗಾಲಿಯ ಮೇಲೆ ಬೀಳುತ್ತದೆ. ಒಳಬದಿಯ ಗಾಲಿ ನೆಲ ಬಿಟ್ಟು ಏಳಲು ಹವಣಿಸುತ್ತದೆ.

ಲೆಕ್ಕವನ್ನು ನೋಡಿ. 20 ಮೀಟರ್ ತ್ರಿಜ್ಯದ ತಿರುವೊಂದನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ದಾಟಿದರೆ, ಹೊರದೂಡುವ ಬಲ ಗಾಡಿ ಮತ್ತು ಸವಾರನ ಒಟ್ಟು ತೂಕದ ಸುಮಾರು ಶೇ. 16ರಷ್ಟು. ವೇಗ 30ಕ್ಕೆ ಏರಿದರೆ ಅದು ಶೇ. 35. 40ಕ್ಕೆ ಏರಿದರೆ ಶೇ. 63. ಅಂದರೆ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಗಾಲಿಗಳ ನಡುವಿನ ಅಗಲ ಕಡಿಮೆಯಿದ್ದು ಸವಾರ ಎತ್ತರದಲ್ಲಿ ಕುಳಿತಿರುವ ಇಂಥ ಗಾಡಿ ಮಗುಚಲು ತೂಕದ ಮೂರನೆಯ ಒಂದು ಭಾಗದಷ್ಟು ಬಲವೇ ಸಾಕಾದೀತು. ಬೈಕಿನಲ್ಲಿ 40ರ ವೇಗದಲ್ಲಿ ಸಲೀಸಾಗಿ ದಾಟುತ್ತಿದ್ದ ತಿರುವನ್ನು ಈ ಗಾಡಿಯಲ್ಲಿ 20ಕ್ಕೆ ಇಳಿಸಿಯೇ ದಾಟಬೇಕೆಂಬುದು ಇದರ ತಾತ್ಪರ್ಯ.

ಇನ್ನೊಂದು ಸೂಕ್ಷ್ಮವಿದೆ. ವೇಗದಲ್ಲಿರುವ ಬೈಕನ್ನು ಎಡಕ್ಕೆ ತಿರುಗಿಸಲು ಸವಾರ ಹ್ಯಾಂಡಲಿನ ಎಡಬದಿಯನ್ನು ಕ್ಷಣಕಾಲ ಮುಂದಕ್ಕೆ ಒತ್ತುತ್ತಾನೆ. ಗಾಡಿ ಎಡಕ್ಕೆ ವಾಲಿ ತಿರುಗುತ್ತದೆ. ವಾಲದ ತ್ರಿಚಕ್ರದಲ್ಲಿ ಹಾಗೆ ಒತ್ತಿದರೆ ಗಾಡಿ ಹೊರಳುವುದು ಬಲಕ್ಕೆ. ಇಲ್ಲಿ ಆಟೋರಿಕ್ಷಾದಂತೆ ಹ್ಯಾಂಡಲನ್ನು ಹೋಗಬೇಕಾದ ದಿಕ್ಕಿಗೇ ತಿರುಗಿಸಬೇಕು. ಹೊಸದಾಗಿ ಕಲಿಯುವವನಿಗೆ ಇದು ಕಷ್ಟವಲ್ಲ. ನಲವತ್ತು ವರ್ಷ ಬೈಕ್ ಓಡಿಸಿದವರ ಕೈ ಮಾತ್ರ ಗಾಬರಿಯ ಕ್ಷಣದಲ್ಲಿ ಹಳೆಯ ಪಾಠವನ್ನೇ ಒಪ್ಪಿಸುತ್ತದೆ. ‘ನನಗೆ ಗಾಡಿ ಕಲಿಸಬೇಕೇ?’ ಎನ್ನುವ ಹಿರಿಯರೇ ಹೆಚ್ಚು ಎಚ್ಚರ ವಹಿಸಬೇಕಾದುದು ಇದಕ್ಕಾಗಿ.

ಕರಾವಳಿಯ ರಸ್ತೆಯಲ್ಲಿ

ಕಾರವಾರದಿಂದ ಬಿಣಗಾ, ಅರಗಾ, ಅಮದಳ್ಳಿ, ಅವರ್ಸಾ ಮೂಲಕ ಅಂಕೋಲೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾದ ಮೇಲೆ ಲಾರಿ, ಕಾರುಗಳ ವೇಗ ಹೆಚ್ಚಿದೆ. ಅವುಗಳ ನಡುವೆ 30ರ ವೇಗದ ಅಗಲ ಗಾಡಿಗೆ ಹೆದ್ದಾರಿ ಹಿತವಾದ ಜಾಗವಲ್ಲ. ಊರೊಳಗಿನ ಓಡಾಟಕ್ಕೆ, ಸಾಧ್ಯವಿದ್ದಲ್ಲಿ ಸರ್ವಿಸ್ ರಸ್ತೆಗೆ ಅದನ್ನು ಸೀಮಿತಗೊಳಿಸುವುದೇ ಲೇಸು.

ಒಳರಸ್ತೆಗಳಲ್ಲಿ ಬೇರೆ ಬಗೆಯ ತೊಡಕುಗಳಿವೆ. ಬೈಕು ನೆಲದ ಮೇಲೆ ಎಳೆಯುವುದು ಒಂದೇ ಗೆರೆ. ಹೊಂಡದ ಅಂಚಿನಲ್ಲಿ ನುಸುಳಿಕೊಂಡು ಹೋಗಬಹುದು. ಪಕ್ಕದ ಗಾಲಿಯ ಗಾಡಿ ಮೂರು ಗೆರೆ ಎಳೆಯುತ್ತದೆ. ಒಂದನ್ನು ತಪ್ಪಿಸಿದರೆ ಇನ್ನೊಂದು ಹೊಂಡಕ್ಕೆ ಇಳಿಯುತ್ತದೆ. ಎರಡು ಪಕ್ಕದ ಗಾಲಿಗಳು ಉಬ್ಬಿನ ಮೇಲೇರಿ ನಡುವಿನ ಚಕ್ರ ತಗ್ಗಿನಲ್ಲಿ ತೇಲಿದರೆ ಎಂಜಿನ್ ತಿರುಗಿಸುವ ಚಕ್ರಕ್ಕೆ ನೆಲದ ಹಿಡಿತವೇ ಇರುವುದಿಲ್ಲ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಸುರಿಯುವ ಈ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆಯಂಚು ಕೆಂಪು ಕೆಸರಾಗಿರುತ್ತದೆ. ಎದುರಿನ ವಾಹನಕ್ಕೆ ದಾರಿ ಬಿಡಲೆಂದು ಎಡಗಾಲಿಯನ್ನು ಆ ಕೆಸರಿಗೆ ಇಳಿಸಿದರೆ ಇಡೀ ಗಾಡಿ ಅತ್ತ ಓರೆಯಾಗುತ್ತದೆ. ಓರೆಯಾದ ಬೈಕನ್ನು ಮೈ ಬಾಗಿಸಿ ಸರಿಪಡಿಸಬಹುದು, ಇದನ್ನು ಆಗದು.

ಮನೆಯ ಗೇಟಿನ ಅಗಲವನ್ನೂ ಮೊದಲೇ ಅಳೆದುಕೊಳ್ಳಬೇಕು. ಗಾಲಿ ಜೋಡಿಸಿಕೊಂಡು ಬಂದ ಮೇಲೆ ಗಾಡಿ ಅಂಗಳಕ್ಕೆ ಬಾರದೆ ರಸ್ತೆಯಲ್ಲೇ ಮಳೆಗೆ ನೆನೆಯುವಂತಾಗಬಾರದು.

ಕಾನೂನು ಏನು ಹೇಳುತ್ತದೆ?

ಗ್ಯಾರೇಜಿಗೆ ಹೋಗಿ ವೆಲ್ಡಿಂಗ್ ಮಾಡಿಸಿಕೊಂಡು ಬಂದರೆ ಮುಗಿಯಿತು ಎಂಬುದು ಹಲವರ ತಿಳಿವಳಿಕೆ. ಅದು ತಪ್ಪು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ನಿರ್ಬಂಧವನ್ನು ಎತ್ತಿ ಹಿಡಿದಿದೆ. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯ 182ಎ ಕಲಮಿನಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ 5000 ರೂ. ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

ಇದಕ್ಕೊಂದು ವಿನಾಯಿತಿ ಉಂಟು. ದೈಹಿಕ ನ್ಯೂನತೆ ಅಥವಾ ಅಂಗವೈಕಲ್ಯವುಳ್ಳ ವ್ಯಕ್ತಿಯ ಬಳಕೆಗಾಗಿ ಮಾರ್ಪಡಿಸಿದ ವಾಹನವನ್ನು ಕಾಯ್ದೆ ಪ್ರತ್ಯೇಕವಾಗಿ ಗುರುತಿಸುತ್ತದೆ. ನೋಂದಣಿ ಪ್ರಾಧಿಕಾರದ ಒಪ್ಪಿಗೆಗೆ ಒಳಪಟ್ಟು ಅಂಥ ಮಾರ್ಪಾಡು ಮಾಡಿಸಬಹುದು. ಚಾಲನಾ ಪರವಾನಗಿಯಲ್ಲೂ ಇಂಥ ವಾಹನಕ್ಕೆ ಬೇರೆಯದೇ ವರ್ಗವಿದೆ. ಆದರೆ ಆ ವಾಹನ ಅಂಥ ವ್ಯಕ್ತಿಯ ಬಳಕೆಗೆ ಮಾತ್ರ ಮೀಸಲು. ಅಪ್ಪನ ಗಾಡಿಯನ್ನು ಮಗ ಪೇಟೆಗೆ ಒಯ್ಯುವುದಕ್ಕಲ್ಲ.

ಹಿರಿಯರ ಪಾಲಿಗೆ ಇಕ್ಕಟ್ಟಿರುವುದು ಇಲ್ಲಿ. ಎಪ್ಪತ್ತು ತುಂಬಿತೆಂಬುದಷ್ಟೇ ಕಾನೂನಿನ ದೃಷ್ಟಿಯಲ್ಲಿ ದೈಹಿಕ ನ್ಯೂನತೆಯಲ್ಲ. ಮಂಡಿ ಸವೆತವೋ ಪಾರ್ಶ್ವವಾಯುವಿನ ಶೇಷವೋ ಇದ್ದರೆ ಅದನ್ನು ವೈದ್ಯರು ಪ್ರಮಾಣೀಕರಿಸಬೇಕು. ರಾಜ್ಯ ಸರ್ಕಾರ ಅಂಗವಿಕಲರಿಗೆ ನೀಡುವ ಯಂತ್ರಚಾಲಿತ ವಾಹನವೂ ಹಿರಿಯ ನಾಗರಿಕರೆಂಬ ಒಂದೇ ಕಾರಣಕ್ಕೆ ದೊರೆಯುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಬಹುತೇಕ ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ವೈಕಲ್ಯ ದೃಢಪಟ್ಟಿರಬೇಕು.

ಮೊದಲು ಏನು ಮಾಡಬೇಕು?

ಮೊದಲನೆಯದು, ವೈದ್ಯರ ಭೇಟಿ. ತೊಂದರೆ ಕಾಲಿನದೋ, ಕಣ್ಣಿನದೋ, ತಲೆಸುತ್ತಿನದೋ ಎಂಬುದು ಸ್ಪಷ್ಟವಾಗಲಿ. 40 ದಾಟಿದವರು ಪರವಾನಗಿ ನವೀಕರಣಕ್ಕೆ ವೈದ್ಯಕೀಯ ಪ್ರಮಾಣಪತ್ರ ಕೊಡಲೇಬೇಕು. 55 ದಾಟಿದವರಿಗೆ ಪರವಾನಗಿ ಒಮ್ಮೆಗೆ ಐದು ವರ್ಷಕ್ಕೆ ಮಾತ್ರ ನವೀಕರಣವಾಗುತ್ತದೆ. ಆ ಪ್ರಮಾಣಪತ್ರವನ್ನು ಬರಿಯ ಕಾಗದವೆಂದು ಭಾವಿಸದೆ ನಿಜವಾದ ತಪಾಸಣೆಗೆ ಸಂದರ್ಭವಾಗಿ ಬಳಸಿಕೊಳ್ಳುವುದು ವಿವೇಕ.

ಎರಡನೆಯದು, ಹಣ ಕೊಡುವ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಣೆ. ಕೆಎ-30 ನೋಂದಣಿಯ ಗಾಡಿಯುಳ್ಳವರಿಗೆ ಅದು ಕಾರವಾರದಲ್ಲಿದೆ. ಯಾವ ಬಗೆಯ ಗಾಲಿಜೋಡಣೆಗೆ ಒಪ್ಪಿಗೆ ಸಿಗುತ್ತದೆ, ಯಾವ ದಾಖಲೆ ಬೇಕು ಎಂದು ತಿಳಿದ ಮೇಲೆಯೇ ಗ್ಯಾರೇಜಿನತ್ತ ಹೋಗಬೇಕು. ಬದಲಾವಣೆ ನೋಂದಣಿ ಪತ್ರದಲ್ಲಿ ದಾಖಲಾಗಲಿ. ವಿಮಾ ಕಂಪನಿಗೂ ತಿಳಿಸಿರಲಿ. ತಿಳಿಸದೆ ಹೋದಲ್ಲಿ ಅಪಘಾತವಾದ ದಿನ ಪರಿಹಾರಕ್ಕೆ ತಕರಾರು ಏಳಬಹುದು.

ಮೂರನೆಯದು, ಕಲಿಕೆ. ಖಾಲಿ ಮೈದಾನದಲ್ಲಿ ಕೆಲವು ದಿನ ತಿರುವು, ಬ್ರೇಕು, ಇಳಿಜಾರುಗಳ ಅಭ್ಯಾಸವಾದ ಬಳಿಕವೇ ರಸ್ತೆಗೆ ಇಳಿಯಬೇಕು. ಹಿಂದೆ ಯಾರನ್ನೂ ಕೂರಿಸಿಕೊಳ್ಳದೆ, ಹಗಲು ಹೊತ್ತಿನಲ್ಲಿ ಆರಂಭಿಸುವುದು ಕ್ಷೇಮ. ಶಿರಸ್ತ್ರಾಣ ಇದಕ್ಕೂ ಬೇಕು.

ಪರೀಕ್ಷಿಸಿದ ಮೇಲೆ ಅನೇಕರಿಗೆ ತ್ರಿಚಕ್ರದ ಅಗತ್ಯವೇ ಇಲ್ಲವೆಂದು ತೋರಬಹುದು. ಭಾರದ ಬೈಕನ್ನು ಬಿಟ್ಟು, ಎರಡೂ ಪಾದ ನೆಲಕ್ಕೆ ಪೂರ್ತಿ ಮುಟ್ಟುವ, ಗೇರು ಬದಲಿಸುವ ಗೋಜಿಲ್ಲದ ಹಗುರ ಸ್ಕೂಟರಿಗೆ ಬದಲಾದರೆ ಸಾಕಾಗುವವರಿದ್ದಾರೆ. ದೂರದ ಪ್ರಯಾಣಕ್ಕೆ ಸಾರಿಗೆ ಸಂಸ್ಥೆಯ ಬಸ್ಸಿದೆ. 60 ದಾಟಿದ ಹಿರಿಯ ನಾಗರಿಕರಿಗೆ ಟಿಕೆಟ್ ದರದಲ್ಲಿ ಶೇ. 25 ರಿಯಾಯಿತಿಯೂ ಇದೆ. ಕಾರವಾರಕ್ಕೆ ಬಸ್ಸು, ಮನೆಯಿಂದ ಬಸ್ ನಿಲ್ದಾಣದವರೆಗೆ ಸ್ಕೂಟರು ಎಂಬ ಹಂಚಿಕೆ ಹಲವರಿಗೆ ಒಗ್ಗೀತು.

ಇನ್ನು ಮನೆಯ ಕಿರಿಯರಿಗೆ ಒಂದು ಮಾತು. ಕೀಲಿ ಕಸಿದುಕೊಳ್ಳುವುದು ಸುಲಭ. ಅದರ ಮರುದಿನದಿಂದ ಅಪ್ಪನನ್ನು ಬ್ಯಾಂಕಿಗೆ, ಆಸ್ಪತ್ರೆಗೆ, ಗೆಳೆಯರ ಮನೆಗೆ ಕರೆದೊಯ್ಯುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು. ಆ ಉತ್ತರವಿಲ್ಲದಿದ್ದರೆ, ವೈದ್ಯರ ಮಾತು, ಕಾನೂನಿನ ಒಪ್ಪಿಗೆ ಹಾಗೂ ತುಸು ತಾಳ್ಮೆಯೊಡನೆ ಜೋಡಿಸಿದ ಗಾಲಿ ಹಿರಿಯ ಜೀವವೊಂದರ ಓಡಾಟವನ್ನು ಇನ್ನಷ್ಟು ವರ್ಷ ಉಳಿಸಿಕೊಟ್ಟೀತು. ಅವಸರದಲ್ಲಿ ವೆಲ್ಡಿಂಗ್ ಮಾಡಿಸಿದ ಗಾಲಿಯಿಂದ ಮಾತ್ರ ಆ ಭರವಸೆ ಇಟ್ಟುಕೊಳ್ಳುವಂತಿಲ್ಲ.