ಅಲೆಗೆ ಅಚ್ಚು ಹಾಕುವ ಉಸುಕು

ಮೂಲ್ಕಿಯ ಶಾಂಭವಿ, ಪಾವಂಜೆಯ ನಂದಿನಿ ಎರಡೂ ಹೊಳೆಗಳು ಸಸಿಹಿತ್ಲು ಎಂಬ ಊರಿನ ಹತ್ತಿರ ಕೂಡಿಕೊಂಡು ಅರಬ್ಬಿ ಸಮುದ್ರ ಸೇರುತ್ತವೆ. ಹೊಳೆ ಕಡಲಿಗೆ ಬೀಳುವ ಇಂಥ ಬಾಯನ್ನು ಕರಾವಳಿಯವರು ಅಳಿವೆ ಎನ್ನುತ್ತಾರೆ. ಮೀನುಗಾರರಿಗೆ ಅಳಿವೆ ಎಂದರೆ ಅಂಜಿಕೆ. ನಡುಗಡಲಿನಲ್ಲಿ ಏನೂ ಆಗದೆ ಬಂದ ದೋಣಿ, ಇನ್ನೇನು ಮನೆ ಕಂಡಿತು ಎನ್ನುವಷ್ಟರಲ್ಲಿ ಅಳಿವೆ ದಾಟುವಾಗ ಮಗುಚುವುದುಂಟು. 2016ರ ಮೇ ಕೊನೆಯಲ್ಲಿ ಇದೇ ಸಸಿಹಿತ್ಲಿಗೆ ದೇಶದ ಬೇರೆ ಬೇರೆ ಕಡಲೂರುಗಳ ಹುಡುಗ ಹುಡುಗಿಯರು ಹಲಗೆ ಹೊತ್ತುಕೊಂಡು ಬಂದರು. ಅದು ಮೊದಲ ‘ಇಂಡಿಯನ್ ಓಪನ್ ಆಫ್ ಸರ್ಫಿಂಗ್’, ಅಂದರೆ ಹಲಗೆಯ ಮೇಲೆ ನಿಂತು ಅಲೆ ಏರುವ ಆಟದ ಸ್ಪರ್ಧೆ. ದೋಣಿಯವರು ತಪ್ಪಿಸಿಕೊಳ್ಳಲು ನೋಡುವ ಅಲೆಯನ್ನೇ ಇವರು ಹುಡುಕಿಕೊಂಡು ಬಂದಿದ್ದರು.

ಸಮುದ್ರವೇ ಇಲ್ಲದ ರಾಯಚೂರಿನಲ್ಲಿ ಕೂತು ಇದನ್ನೆಲ್ಲ ಯಾಕೆ ಓದಬೇಕು ಎಂದು ದೇವದುರ್ಗದವರೋ ಮಾನ್ವಿಯವರೋ ಕೇಳಿದರೆ ತಪ್ಪಲ್ಲ. ನನ್ನ ಉತ್ತರ: ಉಸುಕಿಗಾಗಿ. ಅಲೆ ಹುಟ್ಟುವುದು ಗಾಳಿಯಿಂದಾದರೂ ಏರಿ ಸವಾರಿ ಮಾಡುವಂಥ ಆಕಾರ ಅದಕ್ಕೆ ಬರುವುದು ತಳದ ಉಸುಕಿನಿಂದ. ಉಸುಕಿನ ವಿಷಯದಲ್ಲಿ ಕೃಷ್ಣೆ, ತುಂಗಭದ್ರೆಯರ ನಡುವೆ ಇರುವ ನಮಗೆ ಹೊಸದಾಗಿ ಹೇಳಿಕೊಡಬೇಕಾದ್ದು ಕಡಿಮೆ.

ಮೊದಲು ಅಲೆ ಎಲ್ಲಿಂದ ಬರುತ್ತದೆ ನೋಡೋಣ. ದಕ್ಷಿಣ ಗೋಳಾರ್ಧದಲ್ಲಿ 40ನೇ ಅಕ್ಷಾಂಶ ದಾಟಿದರೆ ಗಾಳಿಗೆ ಅಡ್ಡ ನಿಲ್ಲುವ ನೆಲವೇ ಹೆಚ್ಚಿಲ್ಲ. ಅಲ್ಲಿ ಎದ್ದ ಬಿರುಗಾಳಿ ದಿನಗಟ್ಟಲೆ ನೀರನ್ನು ಉಜ್ಜಿ ಉಜ್ಜಿ ಅಲೆ ಎಬ್ಬಿಸುತ್ತದೆ. ಗಾಳಿ ನಿಂತ ಮೇಲೂ ಅಲೆ ನಿಲ್ಲುವುದಿಲ್ಲ, ಹಿಂದೂ ಮಹಾಸಾಗರ ದಾಟಿ ನಮ್ಮ ಪಶ್ಚಿಮ ಕರಾವಳಿಗೆ ಬರುತ್ತದೆ. ಒಂದು ಅಲೆಯ ನೆತ್ತಿಗೂ ಮುಂದಿನದರ ನೆತ್ತಿಗೂ 14 ಸೆಕೆಂಡ್ ಅಂತರವಿದೆ ಎಂದುಕೊಳ್ಳಿ. ಆಳ ಸಾಗರದಲ್ಲಿ ಆ ಎರಡು ನೆತ್ತಿಗಳ ನಡುವೆ ಸುಮಾರು 300 ಮೀಟರ್ ದೂರ ಇರುತ್ತದೆ. ಇಂಥ ಅಲೆಗಳ ಗುಂಪು ಗಂಟೆಗೆ 39 ಕಿಲೋಮೀಟರಿನಂತೆ ಹಗಲು ರಾತ್ರಿ ಸಾಗಿ, ಒಂದು ವಾರದ ಆಸುಪಾಸಿನಲ್ಲಿ ಮೂಲ್ಕಿ ಮುಟ್ಟುತ್ತದೆ. ಹೀಗೆ ಅಲೆ ಸಾಗರಗಳನ್ನೇ ದಾಟುತ್ತದೆ ಎಂಬುದನ್ನು ಸಾಗರ ವಿಜ್ಞಾನಿ ವಾಲ್ಟರ್ ಮಂಕ್ ಮತ್ತು ಸಂಗಡಿಗರು 1963ರಲ್ಲಿ ನ್ಯೂಜಿಲೆಂಡಿನಿಂದ ಅಲಾಸ್ಕಾವರೆಗೆ ಅಳತೆ ಕೇಂದ್ರಗಳನ್ನಿಟ್ಟು ತೋರಿಸಿಕೊಟ್ಟರು. ಇವತ್ತು ನಮ್ಮ ಕರಾವಳಿಗೆ ಅಲೆಯ ಮುನ್ಸೂಚನೆ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ‘ಇನ್‌ಕಾಯ್ಸ್’ ಇರುವುದು ಹೈದರಾಬಾದಿನಲ್ಲಿ. ಸಮುದ್ರದ ಸುದ್ದಿ ಹೇಳುವ ಕಚೇರಿ ಮೂಲ್ಕಿಗಿಂತ ರಾಯಚೂರಿಗೇ ಹತ್ತಿರ!

ಬಂದದ್ದು ಅಲೆ, ನೀರಲ್ಲ. ಮಾನ್ವಿ ಕಡೆಯ ಭತ್ತದ ಗದ್ದೆಯ ಮೇಲೆ ಗಾಳಿ ಬೀಸಿದಾಗ ಅಲೆ ಈ ಬದುವಿನಿಂದ ಆ ಬದುವಿಗೆ ಓಡುತ್ತದೆ, ಪೈರು ಮಾತ್ರ ನಿಂತಲ್ಲೇ ಬಾಗಿ ಏಳುತ್ತದೆ, ಕಡಲಿನಲ್ಲೂ ಹಾಗೇ. ನೀರಿನ ಪ್ರತಿ ಹನಿ ಇದ್ದ ಜಾಗದಲ್ಲೇ ಒಂದು ಸುತ್ತು ಹಾಕಿ ಹೆಚ್ಚು ಕಡಿಮೆ ಅಲ್ಲಿಗೇ ಮರಳುತ್ತದೆ. ಈ ಸುತ್ತಾಟ ಮೇಲ್ಮೈಯಿಂದ ಕೆಳಗಿಳಿದಂತೆ ಸಣ್ಣದಾಗುತ್ತ ಹೋಗಿ, ಅಲೆಯ ಉದ್ದದ ಅರ್ಧದಷ್ಟು ಆಳಕ್ಕೆ ಇಲ್ಲವೇ ಇಲ್ಲ ಎನ್ನುವಷ್ಟಾಗುತ್ತದೆ. 300 ಮೀಟರಿನ ಅಲೆಗೆ 150 ಮೀಟರ್ ಆಳದಲ್ಲೇ ತಳ ತಾಗುತ್ತದೆ. ತಾಗಿದ ಮೇಲೆ ಅದರ ವೇಗವನ್ನು ತೀರ್ಮಾನಿಸುವುದು ಹೆಚ್ಚು ಹೆಚ್ಚಾಗಿ ಆಳವೇ. ಆಳ ತೀರ ಕಡಿಮೆಯಾದ ಕಡೆ ಲೆಕ್ಕ ಸುಲಭ: ಆಳವನ್ನು ಮೀಟರಿನಲ್ಲಿ ತೆಗೆದುಕೊಂಡು 9.8ರಿಂದ ಗುಣಿಸಿ ವರ್ಗಮೂಲ ತೆಗೆದರೆ, ಅಲೆ ಸೆಕೆಂಡಿಗೆ ಎಷ್ಟು ಮೀಟರ್ ಹೋಗುತ್ತದೆಂದು ಸಿಗುತ್ತದೆ. 2 ಮೀಟರ್ ನೀರಿನಲ್ಲಿ ಗಂಟೆಗೆ ಸುಮಾರು 16 ಕಿಲೋಮೀಟರ್, 1 ಮೀಟರ್ ನೀರಿನಲ್ಲಿ ಸುಮಾರು 11. ಈ ಲೆಕ್ಕ ನೆನಪಿರಲಿ, ಮುಂದೆ ನಮ್ಮೂರಲ್ಲೂ ಬೇಕಾಗುತ್ತದೆ.

ಮುಂದಿನ ಭಾಗ ನಿಧಾನವಾದಾಗ ಹಿಂದಿನದು ಬಂದು ಒತ್ತುತ್ತದೆ. ಅಲೆಯ ಉದ್ದ ಕುಗ್ಗಿ ಎತ್ತರ ಏರುತ್ತದೆ. ಎತ್ತರವು ಆಳದ ಮುಕ್ಕಾಲು ಭಾಗ ದಾಟಿತೆಂದರೆ ನೆತ್ತಿಗೆ ಆಧಾರ ತಪ್ಪಿ ಮುಂದಕ್ಕೆ ಬೀಳುತ್ತದೆ. ಒಂದೂವರೆ ಮೀಟರಿನ ಅಲೆ ಸುಮಾರು 2 ಮೀಟರ್ ನೀರಿನಲ್ಲಿ ಒಡೆಯುತ್ತದೆ.

ನೇರವಾದ ಕಡಲ ದಂಡೆಯಲ್ಲಿ ತಳವೂ ಬಹುಮಟ್ಟಿಗೆ ನೇರ. ಅಲ್ಲಿ ಅಲೆ ಇದ್ದಷ್ಟು ಉದ್ದಕ್ಕೂ ಒಮ್ಮೆಗೇ ಮುರಿದು ಬೀಳುತ್ತದೆ, ಸರ್ಫರ್‌ಗೆ ಓಡಲು ಜಾಗವೇ ಇಲ್ಲ. ಅಳಿವೆಯ ಕಥೆ ಬೇರೆ. ಹೊಳೆ ಇಕ್ಕಟ್ಟಿನಿಂದ ಹೊರಬಿದ್ದು ಕಡಲಿನಲ್ಲಿ ಹರಡಿಕೊಂಡ ಕೂಡಲೇ ಅದರ ಸೆಳೆತ ಸೋಲುತ್ತದೆ. ಹೊತ್ತು ತಂದ ಉಸುಕನ್ನು ಅಲ್ಲೇ ಇಳಿಸುತ್ತದೆ. ದಪ್ಪ ಕಣ ಮೊದಲು, ಸಣ್ಣದು ಆಮೇಲೆ, ನುಣುಪು ಕೆಸರು ಇನ್ನೂ ದೂರ. ಹೀಗೆ ಬಾಯಿಯ ಮುಂದೆ ನೀರಿನಡಿ ಒಂದು ದಿಬ್ಬ ಬೆಳೆಯುತ್ತದೆ. ದಿಬ್ಬದ ನಡುವೆಯೋ ಪಕ್ಕದಲ್ಲೋ ಹೊಳೆ ತನಗೊಂದು ಆಳದ ದಾರಿ ಉಳಿಸಿಕೊಂಡಿರುತ್ತದೆ. ಬರುವ ಅಲೆ ದಿಬ್ಬದ ಮೇಲೆ ನಿಧಾನ, ಆಳದ ದಾರಿಯಲ್ಲಿ ಚುರುಕು, ಅದಕ್ಕೇ ಬಾಗುತ್ತದೆ. ದಿಬ್ಬದ ನೆತ್ತಿಯ ಮೇಲೆ ಮೊದಲು ಒಡೆದು, ಆ ಒಡಕು ಅಂಚಿನುದ್ದಕ್ಕೂ ಪಕ್ಕಕ್ಕೆ ಸರಿಯುತ್ತ ಹೋಗುತ್ತದೆ. ಒಡೆದ ಬಿಳಿನೊರೆಗೂ ಇನ್ನೂ ಒಡೆಯದ ನಯವಾದ ಇಳಿಜಾರಿಗೂ ನಡುವಿನ ಆ ಸರಿಯುವ ಗಡಿಯೇ ಸರ್ಫರ್ ಇರಬೇಕಾದ ಜಾಗ.

ಅಳಿವೆಯಲ್ಲಿ ಇನ್ನೊಂದು ಅನುಕೂಲವಿದೆ. ಇಳಿತದ ಹೊತ್ತಿಗೆ ಹೊಳೆಯ ನೀರು ಆ ಆಳದ ದಾರಿಯಲ್ಲಿ ಹೊರಕ್ಕೆ ಓಡುತ್ತಿರುತ್ತದೆ. ಹಲಗೆಯ ಮೇಲೆ ಬೋರಲು ಮಲಗಿದರೆ ಕೈಬೀಸುವ ಕಷ್ಟವಿಲ್ಲದೆ ಅಲೆ ಏಳುವ ಜಾಗಕ್ಕೆ ಒಯ್ದು ಬಿಡುತ್ತದೆ. ಹೊಳೆಯ ಕೆಂಪು ನೀರು, ಕಡಲಿನ ಹಸಿರು ನೀರು ಕೂಡುವಲ್ಲಿ ನೊರೆ, ಎಲೆ, ತೆಂಗಿನ ಸಿಪ್ಪೆ ತೇಲುವ ಒಂದು ಗೆರೆ ಕಾಣುತ್ತದೆ. ಗೆರೆ ದಾಟಿದೊಡನೆ ಅಲೆ ಮೊನಚಾಗುತ್ತದೆ. ಎದುರು ಹರಿವು ಸಿಕ್ಕಿದ ಅಲೆ ಕುಗ್ಗಿ, ಕಡಿದಾಗಿ, ಹೇಳದೆ ಕೇಳದೆ ಒಡೆಯುತ್ತದೆ. ದೋಣಿಯವರ ಅಂಜಿಕೆಗೆ ಕಾರಣವೂ ಇದೇ. ಕಲಿತವನನ್ನು ಸುಮ್ಮನೆ ಹೊರಕ್ಕೆ ಒಯ್ಯುವ ಆ ಸೆಳೆತವೇ ಈಜು ಬಾರದವನನ್ನೂ ಒಯ್ಯುತ್ತದೆ.

ಇನ್ನು ಹಲಗೆ. ಎಂಜಿನ್ ಇಲ್ಲ, ಹಾಯಿ ಇಲ್ಲ, ಆದರೂ ಇದು ಯಂತ್ರವೇ. ಪಾಲಿಯುರೆಥೇನ್ ಫೋಮಿನ ತಿರುಳು, ನಡುವೆ ಮರದ ತೆಳು ಪಟ್ಟಿ, ಮೇಲೆ ಗಾಜಿನ ನಾರಿನ ಬಟ್ಟೆ, ಅದಕ್ಕೆ ರಾಳದ ಲೇಪ. ಕೆಲಸಕ್ಕೆ ಬೇಕಾದ ಶಕ್ತಿ ಗುರುತ್ವದ್ದು. ಸರ್ಫರ್ ಕೈಬೀಸಿ ಅಲೆಯ ವೇಗದ ಹತ್ತಿರ ಬರುತ್ತಾನೆ, ಅಲೆಯ ಹೊಟ್ಟೆ ಹಲಗೆಯ ಹಿಂಬದಿಯನ್ನು ಎತ್ತುತ್ತದೆ, ಹಲಗೆ ಇಳಿಜಾರಿನಲ್ಲಿ ಜಾರತೊಡಗುತ್ತದೆ. ಜಾರಿದಷ್ಟೂ ಕೆಳಗಿನ ನೀರು ಮೇಲೇಳುತ್ತಿರುವುದರಿಂದ ಇಳಿಜಾರು ಮುಗಿಯುವುದೇ ಇಲ್ಲ. ವೇಗ ಬಂದ ಮೇಲೆ ಹಲಗೆಯ ತಳಕ್ಕೆ ಬಡಿಯುವ ನೀರೇ ಅದನ್ನು ಎತ್ತಿ ಹಿಡಿಯುತ್ತದೆ. ಪಳಗಿದವರ ಆರಡಿಯ ಹಲಗೆ ಸುಮ್ಮನೆ ಕೂತರೆ ಆಳಿನ ಭಾರಕ್ಕೆ ಮುಳುಗುತ್ತದೆ. ಕೂತವನ ಎದೆಯವರೆಗೆ ನೀರು. ಅದು ತೇಲುವುದು ಓಡುವಾಗ ಮಾತ್ರ. ಕಲಿಯುವವರಿಗೆ ಒಂಬತ್ತಡಿಯ ದಪ್ಪ ಹಲಗೆ ಕೊಡುವುದು ಇದಕ್ಕೇ.

ಸರ್ಫರ್ ಅಲೆಗಿಂತ ಜೋರಾಗಿ ಓಡಬೇಕು, ಏಕೆಂದರೆ ಅವನು ಓರೆಯಾಗಿ ಹೋಗುತ್ತಾನೆ. ಅಲೆ ಗಂಟೆಗೆ 16 ಕಿಲೋಮೀಟರಿನಲ್ಲಿ ದಡಕ್ಕೆ ಬರುತ್ತಿದ್ದು, ಒಡಕು 45 ಡಿಗ್ರಿ ಓರೆಯಲ್ಲಿ ಸರಿಯುತ್ತಿದ್ದರೆ ಅವನಿಗೆ ಸುಮಾರು 23 ಕಿಲೋಮೀಟರ್ ವೇಗ ಬೇಕು. ಉಸುಕಿನ ದಿಬ್ಬ ಇನ್ನಷ್ಟು ನೇರವಾದರೆ ಬೇಕಾದ ವೇಗ ಯಾರ ಕೈಗೂ ಎಟುಕದಷ್ಟು ಏರುತ್ತದೆ. ಓರೆಯಾಗಿ ಓಡುವಾಗ ಹಲಗೆ ಅಡ್ಡ ಜಾರದಂತೆ ಹಿಡಿಯುವುದು ಅಡಿಯ ಫಿನ್, ಮೀನಿನ ಈಜುರೆಕ್ಕೆಯಂಥ ಪಟ್ಟಿ. 1935ರಲ್ಲಿ ಟಾಮ್ ಬ್ಲೇಕ್ ಎಂಬ ಅಮೆರಿಕನ್ ಮೊದಲು ಒಂದು ಫಿನ್ ಹಚ್ಚಿ ನೋಡಿದ. 1981ರಲ್ಲಿ ಆಸ್ಟ್ರೇಲಿಯಾದ ಸೈಮನ್ ಆಂಡರ್ಸನ್ ಮೂರು ಫಿನ್ನಿನ ಹಲಗೆಯಲ್ಲಿ ಗೆದ್ದ ಮೇಲೆ ಮೂರೇ ರೂಢಿಯಾಯಿತು.

ಮೂಲ್ಕಿಗೆ ಇದನ್ನೆಲ್ಲ ತಂದವರು ಜ್ಯಾಕ್ ಹೆಬ್ನರ್. ಫ್ಲೋರಿಡಾದಿಂದ ಬಂದು ಸನ್ಯಾಸಿಯಾದ ಇವರನ್ನು ಎಲ್ಲರೂ ‘ಸರ್ಫಿಂಗ್ ಸ್ವಾಮಿ’ ಎಂದೇ ಕರೆದರು. 2004ರಲ್ಲಿ ಶುರುವಾದ ಅವರ ಮಂತ್ರ ಸರ್ಫ್ ಕ್ಲಬ್ಬಿನಿಂದ ಊರಿನ ಮಕ್ಕಳೇ ಅಲೆ ಏರಿದರು. ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಸ್ಪರ್ಧೆಯಲ್ಲಿ ಹೆಸರು ಮಾಡಿದ ತನ್ವಿ ಜಗದೀಶ್ ಮೂಲ್ಕಿಯವರು. 2025ರ ಆಗಸ್ಟಿನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್ಪಿನಲ್ಲಿ ಕಂಚು ಗೆದ್ದ ರಮೇಶ್ ಬೂದಿಹಾಳ, ಕೇರಳದ ಕೋವಳಂನಲ್ಲಿ ಬೆಳೆದರೂ ಕರ್ನಾಟಕ ಮೂಲದವರು.

ಉಸುಕಿನ ಮಾತಿಗೆ ಮರಳುತ್ತೇನೆ. ಸ್ಪೇನಿನ ಬಾಸ್ಕ್ ಸೀಮೆಯಲ್ಲಿ ಮುಂಡಾಕಾ ಎಂಬ ಅಳಿವೆ ಇದೆ. ಎಡಕ್ಕೆ ಸರಿಯುತ್ತ ಒಡೆಯುವ ಅದರ ಉದ್ದನೆಯ ಅಲೆಗೆ ಜಗತ್ತಿನಲ್ಲೇ ಹೆಸರು. 2003ರ ಸುಮಾರಿಗೆ ಹಡಗಿನ ದಾರಿಗೆಂದು ಹೊಳೆಯ ಉಸುಕು ಎತ್ತಿದರು. ದಿಬ್ಬ ಕದಲಿತು, ಅಲೆ ಕೆಟ್ಟಿತು, 2005ರಲ್ಲಿ ಅಲ್ಲಿ ನಡೆಯಬೇಕಿದ್ದ ವಿಶ್ವಮಟ್ಟದ ಸ್ಪರ್ಧೆಯೇ ರದ್ದಾಯಿತು. ಉಸುಕು ಮತ್ತೆ ಕೂಡಿದ ಮೇಲೆ ಅಲೆಯೂ ಮರಳಿತು. ಗಾಳಿ, ಕಡಲು ಎರಡೂ ಮೊದಲಿನಂತೆಯೇ ಇದ್ದವು ಎಂಬುದನ್ನು ಗಮನಿಸಬೇಕು.

ನಮ್ಮ ಹೊಳಿಗಳ ಉಸುಕು ಸಸಿಹಿತ್ಲಿಗೆ ಹೋಗುವುದಿಲ್ಲ, ಅದರ ದಾರಿ ಪೂರ್ವಕ್ಕೆ. ಕೃಷ್ಣೆ ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ. ಸೇರುವಷ್ಟರಲ್ಲಿ ಅದರ ಬುಟ್ಟಿ ಬಹುಪಾಲು ಖಾಲಿ. ತುಂಗಭದ್ರಾ ಜಲಾಶಯ 1953ರಲ್ಲಿ 133 ಟಿಎಂಸಿ ನೀರು ಹಿಡಿಯುತ್ತಿತ್ತು, ಈಗ ಹಿಡಿಯುವುದು ಸುಮಾರು 105. ಉಳಿದ ಜಾಗದಲ್ಲಿ ಹೂಳು ಕೂತಿದೆ ಎಂಬುದು ಎಡದಂಡೆ ಕಾಲುವೆಯ ಕೊನೆಭಾಗದ ಮಾನ್ವಿ ರೈತರಿಗೆ ಬಾಯಿಪಾಠ. ಅದೇ ಹೂಳು ಕೆಳಗೆ ಹೋಗದೆ ಕೃಷ್ಣಾ ಮುಖಜಭೂಮಿಯ ದಂಡೆ ಅಲ್ಲಲ್ಲಿ ಕೊರೆದುಹೋಗುತ್ತಿದೆ ಎಂಬ ಮಾತು ಇಲ್ಲಿ ಅಷ್ಟಾಗಿ ಕೇಳಿಸುವುದಿಲ್ಲ. ಇತ್ತ ಕೃಷ್ಣೆಯಲ್ಲಿ ಅಣೆಕಟ್ಟು ದಾಟಿದ ಉಸುಕಿಗೆ ದೇವದುರ್ಗದ ಕಡೆ ಟಿಪ್ಪರ್‌ಗಳು ಕಾದಿರುತ್ತವೆ. ಉಸುಕು ತೆಗೆಯುವುದೇ ತಪ್ಪು ಎನ್ನಲಾರೆ, ಮನೆ ಎಲ್ಲರಿಗೂ ಬೇಕು. ಹೊಳಿ ತುಂಬಿಕೊಡುವುದಕ್ಕಿಂತ ಹೆಚ್ಚು ತೆಗೆಯುವುದು ತಪ್ಪು. ಪರವಾನಗಿ ಇದ್ದರೂ ಅದು ತಪ್ಪೇ.

ರಾಯಚೂರಿನಲ್ಲಿ ಅಲೆಯೇ ಇಲ್ಲವೇ? ಇದೆ, ಆದರೆ ತಿರುವುಮುರುವು. ಕಡಲಿನಲ್ಲಿ ನೀರು ನಿಂತಿದ್ದು ಅಲೆ ಓಡುತ್ತದೆ. ಇಲ್ಲಿ ಅಲೆ ನಿಂತಿದ್ದು ನೀರು ಓಡುತ್ತದೆ. ಮಾನ್ವಿ ತಾಲ್ಲೂಕಿನ ರಾಜೋಳಿಬಂಡಾ ಒಡ್ಡಿನ ಮೇಲಿಂದ ತುಂಗಭದ್ರೆ ಧುಮುಕುವುದನ್ನು ನೋಡಿ. 2 ಮೀಟರ್ ಜಾರಿದ ನೀರಿಗೆ ಗಂಟೆಗೆ 22 ಕಿಲೋಮೀಟರಿಗೂ ಹೆಚ್ಚು ವೇಗ ಬರುತ್ತದೆ. ಮೊದಲಿನ ಲೆಕ್ಕದಂತೆ 1 ಮೀಟರ್ ಆಳದಲ್ಲಿ ಅಲೆಯ ವೇಗ 11 ಮಾತ್ರ, ಹಾಗಾಗಿ ಯಾವ ಅಲೆಯೂ ಎದುರು ಏರಲಾರದು. ಕೆಳಗೆ ಆಳದ ನಿಧಾನದ ನೀರು ಸಿಕ್ಕಲ್ಲಿ ನೀರಿನ ವೇಗವೂ ಅಲೆಯ ವೇಗವೂ ಸಮವಾಗಿ, ನೀರು ಥಟ್ಟನೆ ಉಕ್ಕಿ ಒಂದೇ ಕಡೆ ಕುದಿಯುತ್ತ ನಿಲ್ಲುತ್ತದೆ. ನೀರಾವರಿ ಎಂಜಿನಿಯರರು ಇದನ್ನು ಬೇಕೆಂದೇ ಎಬ್ಬಿಸಿ ಅಣೆಕಟ್ಟಿನ ಬುಡ ಕೊರೆಯದಂತೆ ನೀರಿನ ಸೊಕ್ಕು ಇಳಿಸುತ್ತಾರೆ. ಕಾಲುವೆ ನೀರು ಅಳೆಯುವ ‘ಸ್ಟ್ಯಾಂಡಿಂಗ್ ವೇವ್ ಫ್ಲೂಮ್’ ಕೂಡ ಇದೇ ತತ್ತ್ವದ್ದು. ಜರ್ಮನಿಯ ಮ್ಯೂನಿಕ್ ನಗರದ ನಡುವೆ ಹರಿಯುವ ಐಸ್‌ಬಾಕ್ ಕಾಲುವೆಯಲ್ಲಿ ಇಂಥದೊಂದು ನಿಂತ ಅಲೆಯ ಮೇಲೆ ಜನ ದಶಕಗಳಿಂದ ಸರ್ಫಿಂಗ್ ಮಾಡುತ್ತಿದ್ದರು. 2025ರ ಕೊನೆಯಲ್ಲಿ ಕಾಲುವೆಯ ವಾರ್ಷಿಕ ಸ್ವಚ್ಛತೆ ಮುಗಿಸಿ ನೀರು ಬಿಟ್ಟಾಗ ಅಲೆ ಏಳಲೇ ಇಲ್ಲ. ತಳ ಬದಲಾಗಿತ್ತು.

ಇದನ್ನು ಓದಿ ಯಾರೂ ಹಲಗೆ ಹಿಡಿದು ಒಡ್ಡಿನ ಕೆಳಗೆ ಇಳಿಯಬೇಡಿ. ಐಸ್‌ಬಾಕ್‌ನ ಅಲೆ ನಯವಾದ ಉಬ್ಬಾಗಿತ್ತು. ಒಡ್ಡಿನ ಬುಡದ್ದು ಉರುಳು ಸುಳಿ. ಅದರ ಮೇಲ್ಮೈ ನೀರು ಹಿಂದಕ್ಕೆ, ಒಡ್ಡಿನ ಕಡೆಗೇ ಎಳೆಯುತ್ತದೆ. ನೊರೆಯಲ್ಲಿ ಗಾಳಿಯೇ ಹೆಚ್ಚು, ಹಾಗಾಗಿ ಎಂಥ ಈಜುಗಾರನೂ ತೇಲುವುದು ಕಷ್ಟ. ಕೃಷ್ಣೆಯ ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟು ಹೂವಿನಹೆಡಗಿ ಸೇತುವೆ ಮುಳುಗಿದಾಗ ಅದರ ಕೆಳಮಗ್ಗುಲಿನಲ್ಲಿ ಕಾಣುವ ಉಬ್ಬೂ ಅದೇ ಜಾತಿಯದು, ದೂರದಿಂದ ನೋಡಿದರೆ ಸಾಕು. ಅಲೆ ಏರಲೇಬೇಕೆನಿಸಿದರೆ ಮಳೆಗಾಲ ಮುಗಿದ ಮೇಲೆ ಮೂಲ್ಕಿಗೆ ಹೋಗಿ. ನಿಮಗೆ ಈಜು ಎಷ್ಟು ಬರುತ್ತದೆಂದು ಕಲಿಸುವವರಿಗೆ ಇದ್ದದ್ದು ಇದ್ದಹಾಗೆ ಹೇಳಿ. ಅಳಿವೆಯ ಬಾಯಿಗೆ ಹೋಗುವ ಆಸೆ ಸದ್ಯಕ್ಕೆ ಬಿಟ್ಟು, ಸೊಂಟದ ಮಟ್ಟದ ಬಿಳಿನೊರೆಯಲ್ಲಿ ಒಂಬತ್ತಡಿ ಹಲಗೆಯ ಮೇಲೆ ಶುರು ಮಾಡಿ.