ಒಂದೇ ದುಡಿಮೆ, ಎರಡು ತೆರಿಗೆ

ಒಂದೇ ಹೋಟೆಲು, ಒಂದೇ ಕೆಲಸ, ಒಂದೇ ಸಂಬಳ. ತೆರಿಗೆ ಮಾತ್ರ ಬೇರೆ! ಆಸ್ಟ್ರೇಲಿಯದಲ್ಲಿ 2017ರ ಜನವರಿಯಿಂದ ಇಂತಹುದೊಂದು ನಿಯಮ ಜಾರಿಗೆ ಬಂದಿತು. ದೇಶ ನೋಡುತ್ತ ನಡುನಡುವೆ ದುಡಿಯಲೆಂದು ವಿಶೇಷ ವೀಸಾ ಪಡೆದು ಬಂದ ತರುಣರು ಮೊದಲ ಡಾಲರಿನಿಂದಲೇ ನೂರಕ್ಕೆ 15ರಂತೆ ತೆರಿಗೆ ತೆರಬೇಕಾಯಿತು. ಅಲ್ಲಿನ ಪ್ರಜೆಗಾದರೋ ವರ್ಷಕ್ಕೆ 18,200 ಡಾಲರುಗಳವರೆಗೆ ತೆರಿಗೆಯೇ ಇರಲಿಲ್ಲ.

ಸಿಡ್ನಿಯಲ್ಲಿ ಪರಿಚಾರಿಕೆಯಾಗಿದ್ದ ಬ್ರಿಟಿಷ್ ತರುಣಿ ಕ್ಯಾಥರೀನ್ ಆ್ಯಡಿ ಇದನ್ನು ಒಪ್ಪಲಿಲ್ಲ. ನಗರದಲ್ಲಿ ಬಹುಕಾಲ ನೆಲೆಸಿದ್ದ ಆಕೆ ತೆರಿಗೆಯ ದೃಷ್ಟಿಯಲ್ಲಿ ‘ನಿವಾಸಿ’ಯೇ ಆಗಿದ್ದಳು. ನಿವಾಸವೆಂಬುದು ಪೌರತ್ವವಲ್ಲ, ಬಾಳುವೆ ಎಲ್ಲಿ ನಡೆದಿದೆಯೆಂಬುದರ ಲೆಕ್ಕ. ಬ್ರಿಟನ್ನಿನೊಡನೆ 2003ರಲ್ಲಿ ಆದ ತೆರಿಗೆ ಒಪ್ಪಂದವೋ, ಸಮಾನ ಸ್ಥಿತಿಯಲ್ಲಿರುವವರ ನಡುವೆ ರಾಷ್ಟ್ರೀಯತೆಯ ಕಾರಣದಿಂದ ಭೇದವೆಣಿಸಕೂಡದೆಂದು ಸಾರುತ್ತಿತ್ತು.

2019ರಲ್ಲಿ ಫೆಡರಲ್ ನ್ಯಾಯಾಲಯದಲ್ಲಿ ಆಕೆಗೆ ಗೆಲುವು. 2020ರಲ್ಲಿ ಮೇಲ್ಮನವಿಯಲ್ಲಿ ಸೋಲು. ಕಡೆಗೆ 2021ರ ನವೆಂಬರ್ 3ರಂದು ದೇಶದ ಅತ್ಯುನ್ನತ ನ್ಯಾಯಾಲಯವು ಒಮ್ಮತದಿಂದ ಆಕೆಯ ಪರವಾಗಿ ತೀರ್ಪಿತ್ತಿತು. ಅಂತಹುದೇ ಒಪ್ಪಂದವುಳ್ಳ ಜರ್ಮನಿ, ಜಪಾನು ಮೊದಲಾದ ದೇಶಗಳಿಂದ ಬಂದು ‘ನಿವಾಸಿ’ಗಳೆನಿಸಿದ ದುಡಿಮೆಗಾರರಿಗೂ ಮರುಪಾವತಿಯ ಬಾಗಿಲು ತೆರೆಯಿತು.

ಆದರೆ ಅದು ತೆರೆದೇ ಉಳಿಯಲಿಲ್ಲ. 2024ರ ಕೊನೆಯಲ್ಲಿ ಸಂಸತ್ತು ಕಾನೂನನ್ನು ತಿದ್ದಿ, ಒಪ್ಪಂದದ ಆ ಮಾತಿಗಿಂತ ದೇಶದ ತೆರಿಗೆಯೇ ಮೇಲೆಂದು ಗೊತ್ತುಪಡಿಸಿತು. ಅದೂ 2018ರ ಆರಂಭದಿಂದಲೇ ಅನ್ವಯಿಸುವಂತೆ!

ಅದೇ 2024ರಲ್ಲಿ ಈ ಬಗೆಯ ವೀಸಾ ಭಾರತದ ತರುಣರಿಗೂ ದೊರೆಯಿತು, ವರ್ಷಕ್ಕೆ 1,000 ಮಂದಿಯಂತೆ. ಕಡಲಾಚೆಗೆ ಹೊರಟು ನಿಂತ ಮಗನಿಗೋ ಮಗಳಿಗೋ ಉಪ್ಪಿನಕಾಯಿಯ ಭರಣಿ ಕಟ್ಟಿಕೊಡುವ ತಾಯಿ ಇನ್ನೊಂದು ಮಾತನ್ನೂ ಹೇಳಿ ಕಳುಹಿಸಲಿ: ಸಂಬಳದ ಚೀಟಿ, ಬಾಡಿಗೆಯ ರಸೀದಿ ಜೋಪಾನ, ದುಡಿಯುವ ಮುನ್ನ ಆ ನಾಡಿನ ಲೆಕ್ಕವನ್ನೂ ಕೇಳಿ ತಿಳಿ.