ದೀಪ ಝಗ್ಗನೆ ಬೆಳಗಿದಾಗ

ತಳೇಗಾಂವ ದಾಭಾಡೆಯಲ್ಲಿ ಬಿಡಾರ ಹೂಡಿರುವ ನಮ್ಮಂಥ ಕನ್ನಡ ಕುಟುಂಬಗಳಿಗೆ ಮಳೆಗಾಲ ಮುಗಿದೊಡನೆ ಮಾವಳದ ಬೆಟ್ಟಗಳತ್ತ ಮನಸ್ಸು ಓಡುವುದು ಸಹಜ. ಕಳೆದ ದೀಪಾವಳಿಗೆ ಧಾರವಾಡದಿಂದ ಅಕ್ಕ, ಭಾವ, ಮಕ್ಕಳು ಬಂದಿದ್ದರು. ಹಾಸಿಗೆ, ಒಲೆ, ಸಣ್ಣ ಫ್ರಿಜ್ ಎಲ್ಲವೂ ಉಳ್ಳ ಕ್ಯಾರಾವಾನ್ ಗಾಡಿಯೊಂದನ್ನು ಬಾಡಿಗೆಗೆ ಹಿಡಿದು ಪವನಾ ಜಲಾಶಯದ ದಂಡೆಗೆ ಹೋದೆವು. ಅಲ್ಲಿ ಕಂಬದ ಪೆಟ್ಟಿಗೆಯಿಂದ ಗಾಡಿಗೆ ಕರೆಂಟು.

ರಾತ್ರಿ ಊಟಕ್ಕೆ ಹೊರಗೆ ಕುಳಿತಿದ್ದೆವು. ಪಕ್ಕದ ಡೇರೆಯವರು ಗೀಸರ್ ಹಾಕಿದ್ದೇ ತಡ, ನಮ್ಮ ಕಂಬದ ಹಳೆಯ ಗುಂಡುಬಲ್ಬು ಝಗ್ಗನೆ ಬೆಳಗಿತು. ಅವರ ದೀಪ ಮಂಕಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ವೈರಮನ್ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದ ಭಾವನವರು ಮಾತ್ರ ತಾಟು ಸರಿಸಿ ಎದ್ದರು.

"ಯಾರೂ ಗಾಡಿ ಮುಟ್ಟಬ್ಯಾಡ್ರಿ!"

"ಅಯ್ಯ, ಕೂಸು ಒಳಗ ಮಲಗೇದಲ್ರೀ," ಎಂದಳು ಅಕ್ಕ.

"ಮಲಗಿರಲಿ. ಮೊದಲ ಮೇನ್ ತಗಸ್ತೀನಿ."

ಬಿಡಾರದ ಆಳು ಓಡಿಹೋಗಿ ಮೀಟರಿನ ಬಳಿಯ ಮೇನ್ ಸ್ವಿಚ್ ಇಳಿಸುವತನಕ ಅಕ್ಕ ಉಸಿರು ಬಿಡಲಿಲ್ಲ. ಗಾಡಿಯ ಪ್ಲಗ್ಗು ಕಿತ್ತು, ಮತ್ತೆ ಮೇನ್ ಹಾಕಿಸಿ, ಭಾವನವರು ಮಲ್ಟಿಮೀಟರ್ ಹಿಡಿದರು. (ಊರಿಗೆ ಹೊರಡುವಾಗ ಅವರ ಚೀಲಕ್ಕೆ ಬಟ್ಟೆಗಿಂತ ಮೊದಲು ಬೀಳುವ ವಸ್ತು ಅದೇ.) ಮುಳ್ಳು 310 ವೋಲ್ಟ್ ತೋರಿಸಿತು!

ಸಂಗತಿ ಇಷ್ಟೆ. ಮೂರು ಫೇಸಿನ ಸರಬರಾಜಿನಲ್ಲಿ ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್, ಎರಡು ಫೇಸುಗಳ ನಡುವೆ 400. ಎಲ್ಲರಿಗೂ ಸೇರಿದ ನ್ಯೂಟ್ರಲ್ ತಂತಿ ಕಡಿದರೆ ಅಥವಾ ಸಡಿಲಾದರೆ ಎರಡು ಫೇಸುಗಳ ಮೇಲಿನ ಸಾಮಾನುಗಳು ಆ 400ನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಹಂಚಿಕೆ ನ್ಯಾಯವಾದದ್ದಲ್ಲ: ಗೀಸರಿನಂಥ ಭಾರದ ಸಾಮಾನಿಗೆ ಕಡಿಮೆ, ಬಡಪಾಯಿ ಬಲ್ಬಿಗೆ ಹೆಚ್ಚು. ಈಗಿನ ಎಲ್‌ಇಡಿ ದೀಪಗಳು ಈ ಸೂಚನೆಯನ್ನೂ ಕೊಡದಿರಬಹುದು. ಆ ಸ್ಥಳದಲ್ಲಿ ನ್ಯೂಟ್ರಲ್ಲಿಗೂ ಅರ್ಥಿಂಗಿಗೂ ಸಂಬಂಧವಿದ್ದು, ಅರ್ಥಿಂಗ್ ಕೆಟ್ಟಿದ್ದರೆ, ಗಾಡಿಯ ಲೋಹದ ಮೈಗೇ ಕರೆಂಟು ಬರುವುದುಂಟು. ಒಳಗಿದ್ದವರಿಗಿಂತ, ಒದ್ದೆ ನೆಲದ ಮೇಲೆ ನಿಂತು ಬಾಗಿಲು ಹಿಡಿಯುವವರಿಗೆ ಅಪಾಯ ಹೆಚ್ಚು. ಭಾವನವರು ಕೂಗಿದ್ದು ಅದಕ್ಕೇ.

ವೋಲ್ಟೇಜು ಇಳಿದರೂ ಕೇಡೇ. ಫ್ರಿಜ್ಜಿನ ಕಂಪ್ರೆಸರ್ ತಿರುಗಲಾರದೆ ಗುಂಯ್‌ಗುಟ್ಟುತ್ತ ಹೆಚ್ಚು ಕರೆಂಟು ಎಳೆದು ಕಾದು ಸುಟ್ಟುಹೋಗುತ್ತದೆ. 1956ರ ವಿದ್ಯುತ್ ನಿಯಮಗಳು ಮನೆಯ ಸರಬರಾಜಿಗೆ ನೂರಕ್ಕೆ 6ರಷ್ಟು ಏರಿಳಿತವನ್ನಷ್ಟೇ ಒಪ್ಪಿದ್ದವು. ಎಂದರೆ ಸುಮಾರು 216ರಿಂದ 244. ನಮ್ಮ ಉದ್ದನೆಯ ವೈರೂ ಪಾಪ ಮಾಡುತ್ತದೆ: 1.5 ಚದರ ಮಿಲಿಮೀಟರ್ ತಾಮ್ರದ ವೈರು 50 ಮೀಟರ್ ಎಳೆದು 10 ಆಂಪಿಯರ್ ಹರಿಸಿದರೆ ಸುಮಾರು 12 ವೋಲ್ಟ್ ದಾರಿಯಲ್ಲೇ ಸೋರಿಹೋಯಿತು.

ಸ್ಟೆಬಿಲೈಜರ್ ಇದ್ದರೆ ಸಾಕೆಂದು ನಾನು ನಂಬಿದ್ದೆ. ಭಾವನವರು ನಕ್ಕರು. ವೋಲ್ಟೇಜು ಮಿತಿ ಮೀರಿದೊಡನೆ ತಾನೇ ಕಡಿಯುವ ರಕ್ಷಕ ಬೇಕು. ಮೈಗೆ ಸೋರುವ ಕರೆಂಟಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇರೆಯೇ ಬೇಕು. ಗಾಡಿಯ ಪ್ಲಗ್ಗು ಸಿಕ್ಕಿಸುವ ಮೊದಲೇ ಪೆಟ್ಟಿಗೆಯ ವೋಲ್ಟೇಜು ಅಳೆಯಬೇಕು, ಪಕ್ಕದವರ ಗೀಸರು ನಡೆಯುವಾಗ ಇನ್ನೊಮ್ಮೆ. ಅಳೆಯಲು ಬಾರದವರು ಬಿಡಾರದ ವೈರಮನ್ನನ್ನು ಕರೆಸಲಿ, ಸಂಕೋಚ ಬೇಡ.

ಮುಂಜಾನೆ ಅವರ ವೈರಮನ್ ಬಂದು ನೋಡಿದರೆ ಕಂಬದ ಪೆಟ್ಟಿಗೆಯಲ್ಲಿ ನ್ಯೂಟ್ರಲ್ ಜೋಡಣೆ ಕರಕಲಾಗಿತ್ತು. ಹೊಸದು ಹಾಕಿದ ಮೇಲೆ ಮೀಟರು 228ಕ್ಕೆ ನಿಂತಿತು. ರಾತ್ರಿಯೆಲ್ಲ ಫ್ರಿಜ್ಜು ನಿಂತು ಅಕ್ಕನ ಮೊಸರು ಹುಳಿಯಾಗಿತ್ತು. ಮಜ್ಜಿಗೆಹುಳಿ ಮಾಡಿದಳು.